ಮೈಕ್ರೋಕಂಟ್ರೋಲರೂ ಮನೆಯ ವಿದ್ಯುತ್ತೂ

ಕಳೆದ ವರ್ಷ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ನೀರಿನ ತೊಟ್ಟಿಯ ಕಾವಲುಗಾರನೊಂದನ್ನು ಸಿದ್ಧಪಡಿಸಿದ್ದರು. ಮುಂಬಯಿಯಲ್ಲಿ ವಾಸಿಸುವ ನಮಗೆ ನೀರಿನ ಕಥೆಯನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ನಲ್ಲಿಯ ನೀರು ಗೊತ್ತಾದ ಹೊತ್ತಿಗೆ ಬರುತ್ತದೆ, ಗೊತ್ತಾದ ಹೊತ್ತಿಗೆ ನಿಲ್ಲುತ್ತದೆ. ಕೆಳಗಿನ ತೊಟ್ಟಿಯಲ್ಲಿ ಅದನ್ನು ಹಿಡಿದಿಟ್ಟು, ಪಂಪಿನಿಂದ ಮಾಳಿಗೆಯ ಮೇಲಿನ ತೊಟ್ಟಿಗೆ ಏರಿಸಬೇಕು. ಪಂಪನ್ನು ನಿಲ್ಲಿಸಲು ಮರೆತರೆ ಮೇಲಿನ ತೊಟ್ಟಿ ತುಂಬಿ ಹರಿದು, ಅರ್ಧ ನೀರು ಗಟಾರದ ಪಾಲಾಗುತ್ತದೆ. ಉಳಿದರ್ಧಕ್ಕಾಗಿ ಬಿಡಾರದವರಲ್ಲಿ ಜಗಳವಾಗುತ್ತದೆ. ಈ ಹುಡುಗರು ಆರ್ಡುಯಿನೋ ಎಂಬ ಫಲಕದ ಮೇಲಿರುವ ಮೈಕ್ರೋಕಂಟ್ರೋಲರಿಗೆ ಎರಡು ತಂತಿಗಳನ್ನು ಜೋಡಿಸಿ, ಅವುಗಳ ತುದಿಗಳನ್ನು ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದರು. ನೀರು ಏರಿ ಎರಡು ತುದಿಗಳನ್ನೂ ಮುಟ್ಟಿದೊಡನೆ ಕೆಂಪು ದೀಪವು ಹೊತ್ತುತ್ತಿತ್ತು. ಅಷ್ಟರವರೆಗೆ ಎಲ್ಲವೂ ಚೆನ್ನಾಗಿತ್ತು.

ಪ್ರದರ್ಶನದ ಹಿಂದಿನ ದಿನ ಅವರಲ್ಲೊಬ್ಬನು, “ಸರ್, ಕಂಪ್ಯೂಟರಿನ ತಂತಿ ಇಲ್ಲದೆಯೇ ಇದನ್ನು ನಡೆಸಬಹುದು. ಲ್ಯಾಮಿಂಗ್ಟನ್ ರಸ್ತೆಯಿಂದ ಸಣ್ಣ ಸಪ್ಲೈ ತಂದಿದ್ದೇನೆ” ಎಂದು ಬೆರಳುದ್ದದ ಫಲಕವೊಂದನ್ನು ನಮ್ಮ ಮುಂದಿಟ್ಟನು. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಒಂದು ಹಳದಿ ಕೆಪ್ಯಾಸಿಟರ್, ಒಂದೆರಡು ಡಯೋಡ್, ಇನ್ನೂ ಒಂದೆರಡು ಚಿಲ್ಲರೆ ಭಾಗಗಳಿದ್ದವು. ನಾವು ಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗಳಿಗೆ ಮುಟ್ಟಿಸಿ ನೋಡಿದೆವು. ಸರಿಯಾಗಿ ೫ ವೋಲ್ಟ್. “ಆಗಬಹುದು” ಎಂದೆವು. ಹತ್ತು ನಿಮಿಷದ ಮೇಲೆ ಮತ್ತೊಬ್ಬ ಹುಡುಗನು ತಂತಿಯನ್ನು ಸರಿಪಡಿಸಲೆಂದು ಬಕೆಟ್ಟಿನ ನೀರಿಗೆ ಕೈಯಿಟ್ಟವನು ಚೀರಿ ಹಿಂದಕ್ಕೆ ಹಾರಿದನು. ಅವನ ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದಿತು, ನೆಲವು ಒಣಗಿದ್ದಿತು, ಬಕೆಟ್ಟು ಪ್ಲಾಸ್ಟಿಕ್ಕಿನದಾಗಿದ್ದಿತು. ಆದುದರಿಂದ ಒಂದು ಜುಮ್ಮಿನಲ್ಲಿ ಮುಗಿಯಿತು. ಬರಿಗಾಲಿನಲ್ಲಿ, ಒದ್ದೆ ಮೊಗಸಾಲೆಯಲ್ಲಿ ನಿಂತು ಕೈಯಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ. ತಪ್ಪು ಹುಡುಗನದಲ್ಲ, ನಮ್ಮದು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಎರಡು ತಂತಿಗಳ ನಡುವೆ ೫ ವೋಲ್ಟ್ ಇದ್ದುದು ನಿಜ. ಆದರೆ ವಿಭವಾಂತರವೆಂಬುದು ಯಾವಾಗಲೂ ಎರಡು ಸ್ಥಾನಗಳ ನಡುವಿನ ಮಾತು. ಒಂದೇ ತಂತಿಯನ್ನು ಹಿಡಿದು “ಇದರಲ್ಲಿ ಎಷ್ಟು ವೋಲ್ಟ್ ಇದೆ?” ಎಂದು ಕೇಳುವುದಕ್ಕೆ ಅರ್ಥವಿಲ್ಲ, ಯಾವುದಕ್ಕೆ ಹೋಲಿಸಿ ಎಂದು ಕೇಳಬೇಕು. ಮೂರನೆಯ ಅಂತಸ್ತಿನ ಕೋಣೆಯಲ್ಲಿ ಒಂದಡಿ ಎತ್ತರದ ಮಣೆಯ ಮೇಲೆ ಕುಳಿತವನು ನೆಲಕ್ಕಿಂತ ಒಂದೇ ಅಡಿ ಮೇಲಿದ್ದಾನೆ. ಆದರೆ ಕಿಟಕಿಯಿಂದ ಜಾರಿದರೆ ಬೀಳುವುದು ಒಂದಡಿಯಲ್ಲ. ಟ್ರಾನ್ಸ್‌ಫಾರ್ಮರಿಲ್ಲದ ಆ ಫಲಕದಲ್ಲಿ ೫ ವೋಲ್ಟಿನ ಋಣ ತಂತಿಯು ಗೋಡೆಯ ಸಾಕೆಟ್ಟಿನ ಒಂದು ತಂತಿಗೆ ನೇರವಾಗಿ ಸೇರಿಕೊಂಡಿರುತ್ತದೆ. ಅದು ನ್ಯೂಟ್ರಲ್ ಆಗಿದ್ದರೆ ಅಪಾಯವು ಅಡಗಿರುತ್ತದೆ; ಎರಡು ಕಡ್ಡಿಯ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಅದೇ ತಂತಿ ಫೇಸಿಗೆ ಸೇರುತ್ತದೆ. ಆಗ ಇಡೀ ಮೈಕ್ರೋಕಂಟ್ರೋಲರ್, ಅದರ ತಂತಿಗಳು, ಬಕೆಟ್ಟಿನ ನೀರು ಎಲ್ಲವೂ ಭೂಮಿಗಿಂತ ೨೩೦ ವೋಲ್ಟ್ ಎತ್ತರದಲ್ಲಿ ಕುಳಿತುಬಿಡುತ್ತವೆ. ಮೈಕ್ರೋಕಂಟ್ರೋಲರಿಗೆ ಅದರಿಂದ ಏನೂ ತೊಂದರೆಯಿಲ್ಲ, ಅದು ಎಂದಿನಂತೆ ದೀಪವನ್ನು ಹೊತ್ತಿಸುತ್ತಲೇ ಇರುತ್ತದೆ. ತೊಂದರೆ, ಭೂಮಿಯ ಮೇಲೆ ನಿಂತು ಅದನ್ನು ಮುಟ್ಟುವವನಿಗೆ.

ಮುಟ್ಟಿದವನಿಗೆ ಎಷ್ಟು ಪೆಟ್ಟು? ನಮ್ಮ ದೇಶದ ಮನೆಯ ವಿದ್ಯುತ್ತು ೨೩೦ ವೋಲ್ಟಿನದು, ಸೆಕೆಂಡಿಗೆ ೫೦ ಆವೃತ್ತಿಯದು. ೨೩೦ ಎಂಬುದು ಒಂದು ಬಗೆಯ ಸರಾಸರಿ. ಅಲೆಯ ತುದಿಯಲ್ಲಿ ಅದು ೩೨೫ ವೋಲ್ಟಿನವರೆಗೆ ಏರುತ್ತದೆ. ಒದ್ದೆಯಾದ ಮೈಯ ರೋಧವನ್ನು ಸುಮಾರು ೧೦೦೦ ಓಮ್ ಎಂದಿಟ್ಟುಕೊಂಡರೆ, ಓಮನ ನಿಯಮದಂತೆ ೨೩೦ ಮಿಲಿಆಂಪೇರ್ ಪ್ರವಾಹ ಹರಿಯುತ್ತದೆ. ಒಂದು ಮಿಲಿಆಂಪೇರನ್ನು ನಮ್ಮ ಬೆರಳು ಅರಿಯಬಲ್ಲುದು. ಹತ್ತು ಹದಿನೈದಕ್ಕೆ ಸ್ನಾಯುಗಳು ಸೆಟೆದು, ಹಿಡಿದ ಕೈಯನ್ನು ಬಿಡಿಸಲಾಗುವುದಿಲ್ಲ. ಐವತ್ತು ನೂರು ಮಿಲಿಆಂಪೇರ್ ಕೆಲವು ಸೆಕೆಂಡುಗಳ ಕಾಲ ಎದೆಯ ಮೂಲಕ ಹಾದರೆ ಹೃದಯವು ತಾಳ ತಪ್ಪುವ ಸಂಭವವುಂಟು. ಆದುದರಿಂದಲೇ ಮನೆಗಳಲ್ಲಿ ಹಾಕುವ ಸೋರಿಕೆ ಕಾವಲಿನ ಸ್ವಿಚ್ಚು, ಅಂದರೆ ಆರ್‌ಸಿಸಿಬಿ, ೩೦ ಮಿಲಿಆಂಪೇರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವಂತೆ ಮಾಡಲ್ಪಟ್ಟಿರುತ್ತದೆ. ಹಳೆಯ ಚಾಳುಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು. ನಿಮ್ಮ ಮನೆಯಲ್ಲಿ ಇದೆಯೇ ಎಂದು ಇಂದೇ ನೋಡಿರಿ.

ಈಗ ಮೈಕ್ರೋಕಂಟ್ರೋಲರಿನ ಕಡೆಗೆ ಬರೋಣ. ಆರ್ಡುಯಿನೋ ಊನೋ ಫಲಕದ ಮೇಲಿರುವ ಅಟ್‌ಮೆಗಾ ೩೨೮ ಎಂಬ ಚಿಪ್ಪಿನ ಒಂದೊಂದು ಪಿನ್ನೂ ೫ ವೋಲ್ಟಿನಲ್ಲಿ ೨೦ ಮಿಲಿಆಂಪೇರಿನಷ್ಟು ಪ್ರವಾಹವನ್ನು ನೆಮ್ಮದಿಯಿಂದ ಕೊಡಬಲ್ಲುದು. ಇಲ್ಲಿ ನಮ್ಮದೊಂದು ಹಳೆಯ ತಪ್ಪನ್ನು ಹೇಳಿಕೊಳ್ಳಬೇಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ನಾವು ಚಿಪ್ಪಿನ ವಿವರಪತ್ರವನ್ನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆವು. ಅದರಲ್ಲಿ ಪರಮ ಮಿತಿ ೪೦ ಮಿಲಿಆಂಪೇರ್ ಎಂದು ಕಂಡು, ಅಷ್ಟನ್ನು ತೆಗೆದುಕೊಳ್ಳಲು ನಮಗೆ ಅಪ್ಪಣೆಯಿದೆಯೆಂದು ಭಾವಿಸಿದೆವು. ಪರಮ ಮಿತಿಯೆಂದರೆ ಬಳಸಬಹುದಾದ ಅಳತೆಯಲ್ಲ, ಅದನ್ನು ದಾಟಿದರೆ ಚಿಪ್ಪು ಕೆಡುವ ಅಳತೆ. ಸೇತುವೆಯ ಮೇಲೆ ಬರೆದ ಭಾರದಷ್ಟನ್ನೇ ಹೇರಿಕೊಂಡು ದಿನವೂ ಹೋಗುವ ಲಾರಿಯವನು ಜಾಣನಲ್ಲ. ಇಎಸ್‌ಪಿ ೩೨ ಮುಂತಾದ ಹೊಸ ಚಿಪ್ಪುಗಳು ಇನ್ನೂ ಸೂಕ್ಷ್ಮವಾದವು. ಅವು ನಡೆಯುವುದು ೩.೩ ವೋಲ್ಟಿನಲ್ಲಿ, ಅವುಗಳ ಪಿನ್ನಿಗೆ ೫ ವೋಲ್ಟನ್ನು ಕೊಡುವುದು ಕೂಡ ಸಲ್ಲದು.

೫ ವೋಲ್ಟನ್ನು ೨೦ ಮಿಲಿಆಂಪೇರಿನಿಂದ ಗುಣಿಸಿದರೆ ಸಿಗುವುದು ಒಂದು ವಾಟಿನ ಹತ್ತನೆಯ ಒಂದು ಭಾಗ. ಅರ್ಧ ಅಶ್ವಶಕ್ತಿಯ ಪಂಪು ಹೊರಗೆ ಕೊಡುವ ಶಕ್ತಿಯೇ ೩೭೩ ವಾಟ್. ಅದು ಓಡುವಾಗ ೩ ರಿಂದ ೪ ಆಂಪೇರ್ ಪ್ರವಾಹವನ್ನು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಹಾಗಾದರೆ ಈ ಸಣ್ಣದು ಆ ದೊಡ್ಡದನ್ನು ಆಳುವುದು ಹೇಗೆ?

ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಕೆರೆಯಿದೆ. ಅದರ ತೂಬನ್ನು ಎತ್ತಿ ಇಳಿಸುವ ಕೆಲಸ ನೀರಗಂಟಿಯದು. ನಾವು ಬಾಲ್ಯದಲ್ಲಿ ಕಂಡ ನೀರಗಂಟಿ ಬಡಕಲು ಮುದುಕ. ಅವನು ನೀರನ್ನು ಹೊತ್ತು ಗದ್ದೆಗೆ ಹಾಕುತ್ತಿರಲಿಲ್ಲ. ತೂಬನ್ನು ಎತ್ತುತ್ತಿದ್ದನು, ಅಷ್ಟೆ. ನೀರು ಕೆರೆಯದು, ಹರಿಯುವ ಬಲವೂ ಕೆರೆಯದೇ. ಮೈಕ್ರೋಕಂಟ್ರೋಲರು ನೀರಗಂಟಿಯಾಗಬೇಕೇ ಹೊರತು ನೀರು ಹೊರುವ ಆಳಾಗಕೂಡದು.

ಮೊದಲನೆಯ ತೂಬು ಟ್ರಾನ್ಸಿಸ್ಟರ್. ಅದರ ಬೇಸಿಗೆ ಅಲ್ಪ ಪ್ರವಾಹವನ್ನು ಕೊಟ್ಟರೆ ಕಲೆಕ್ಟರಿನಿಂದ ಎಮಿಟರಿಗೆ ಅದರ ಅನೇಕ ಪಟ್ಟು ಪ್ರವಾಹ ಹರಿಯಬಲ್ಲುದು. ಪೇಟೆಯಲ್ಲಿ ಸಿಗುವ ನೀಲಿ ಬಣ್ಣದ ೫ ವೋಲ್ಟ್ ರಿಲೇಯನ್ನು ತೆಗೆದುಕೊಳ್ಳೋಣ. ಅದರ ಸುರುಳಿಯ ರೋಧ ಸುಮಾರು ೭೦ ಓಮ್. ೫ನ್ನು ೭೦ರಿಂದ ಭಾಗಿಸಿದರೆ ೭೧ ಮಿಲಿಆಂಪೇರ್. ಪಿನ್ನು ಕೊಡಬಲ್ಲ ೨೦ರ ಮೂರೂವರೆ ಪಟ್ಟು. ಆದುದರಿಂದ ರಿಲೇಯನ್ನು ನೇರವಾಗಿ ಪಿನ್ನಿಗೆ ಜೋಡಿಸಕೂಡದು. ನಡುವೆ ಬಿಸಿ ೩೩೭ ಎಂಬ ಟ್ರಾನ್ಸಿಸ್ಟರನ್ನು ಇಡಬೇಕು. ಎಲ್ಲರ ಪೆಟ್ಟಿಗೆಯಲ್ಲೂ ಇರುವ ಬಿಸಿ ೫೪೭ರಿಂದಲೂ ಕೆಲಸವಾದೀತು, ಆದರೆ ಅದರ ಮಿತಿ ೧೦೦ ಮಿಲಿಆಂಪೇರ್. ಸೇತುವೆಯ ಮಾತನ್ನು ನೆನೆಯಿರಿ. ಪಿನ್ನಿಗೂ ಬೇಸಿಗೂ ನಡುವೆ ೧೦೦೦ ಓಮಿನ ರೋಧಕವಿರಬೇಕು. ಬೇಸಿನಲ್ಲಿ ೦.೭ ವೋಲ್ಟ್ ಹೋದರೆ ಉಳಿಯುವುದು ೪.೩, ಪಿನ್ನಿನಿಂದ ಹೊರಡುವ ಪ್ರವಾಹ ೪.೩ ಮಿಲಿಆಂಪೇರ್. ಅದರ ಹದಿನೇಳು ಪಟ್ಟು ನಮಗೆ ಬೇಕಾಗಿದೆ. ಟ್ರಾನ್ಸಿಸ್ಟರು ನೂರು ಪಟ್ಟು ಕೊಡಬಲ್ಲುದು. ಹೀಗೆ ಅವಶ್ಯಕತೆಗಿಂತ ಧಾರಾಳವಾಗಿ ಬೇಸಿಗೆ ಕೊಡುವುದು ಲೆಕ್ಕ ತಪ್ಪಿದ್ದರಿಂದಲ್ಲ. ಅರೆಬರೆ ತೆರೆದ ಟ್ರಾನ್ಸಿಸ್ಟರು ಬಿಸಿಯಾಗುತ್ತದೆ, ಪೂರ್ಣವಾಗಿ ತೆರೆದುದು ತಣ್ಣಗಿರುತ್ತದೆ.

ಇಷ್ಟರಿಂದಲೇ ರಿಲೇ ಟಿಕ್ಕೆಂದು ಕೆಲಸ ಮಾಡುತ್ತದೆ. ಕೆಲವು ದಿನ ಮಾಡುತ್ತದೆ, ಒಂದು ದಿನ ಟ್ರಾನ್ಸಿಸ್ಟರು ಸುಮ್ಮನೆ ಸಾಯುತ್ತದೆ. ಏಕೆ? ಮೈಕೇಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯು ಇಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಸುರುಳಿಯು ತನ್ನಲ್ಲಿ ಹರಿಯುವ ಪ್ರವಾಹ ಬದಲಾಗುವುದನ್ನು ಸಹಿಸುವುದಿಲ್ಲ. ಟ್ರಾನ್ಸಿಸ್ಟರು ಥಟ್ಟನೆ ಮುಚ್ಚಿದಾಗ ಸುರುಳಿಯು ಆ ಪ್ರವಾಹವನ್ನು ಹೇಗಾದರೂ ಮುಂದುವರಿಸಲೆಂದು ನೂರಾರು ವೋಲ್ಟನ್ನು ತಾನೇ ಹುಟ್ಟಿಸುತ್ತದೆ. ಇದಕ್ಕೆ ಮದ್ದು ಒಂದೆರಡು ರೂಪಾಯಿಯ ಡಯೋಡ್. ೧ಎನ್ ೪೦೦೭ ಎಂಬುದನ್ನು ಸುರುಳಿಯ ಎರಡು ತುದಿಗಳಿಗೆ ಅಡ್ಡಲಾಗಿ, ಬಿಳಿ ಪಟ್ಟೆಯು ಧನ ತುದಿಯ ಕಡೆಗಿರುವಂತೆ ಬೆಸೆಯಬೇಕು. ಎಂದಿನಂತೆ ವಿದ್ಯುತ್ತು ಹರಿಯುವಾಗ ಅದು ಮುಚ್ಚಿದ ಬಾಗಿಲು. ಸುರುಳಿಯು ಒದೆಯುವಾಗ ತೆರೆದ ಬಾಗಿಲು. ಪ್ರವಾಹವು ಡಯೋಡಿನಲ್ಲೂ ಸುರುಳಿಯಲ್ಲೂ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ಪಟ್ಟೆಯನ್ನು ತಿರುಗಿಸಿ ಬೆಸೆದರೆ ಟ್ರಾನ್ಸಿಸ್ಟರು ಮೊದಲನೆಯ ಸಲಕ್ಕೇ ಹೋಗುತ್ತದೆ. ನಮ್ಮ ಪ್ರಯೋಗಶಾಲೆಯ ಡಬ್ಬಿಯಲ್ಲಿ ಅಂಥ ಏಳು ಟ್ರಾನ್ಸಿಸ್ಟರುಗಳಿವೆ.

ಎರಡನೆಯ ತೂಬು ರಿಲೇ. ಅಮೆರಿಕದ ಜೋಸೆಫ್ ಹೆನ್ರಿ ೧೮೩೫ರ ಸುಮಾರಿಗೆ ಇದನ್ನು ರಚಿಸಿದನು. ತಂತಿ ವಾರ್ತೆಯ ದಿನಗಳಲ್ಲಿ ದೂರದಿಂದ ಸೊರಗಿ ಬಂದ ಪ್ರವಾಹವು ಹೊಸ ಬ್ಯಾಟರಿಯೊಂದನ್ನು ಜೋಡಿಸುವಂತೆ ಮಾಡಲು ಇದು ಒದಗಿತು. ಒಳಗೆ ಸುರುಳಿಯೊಂದು ಕಾಂತವಾಗಿ ಲೋಹದ ನಾಲಗೆಯನ್ನು ಎಳೆಯುತ್ತದೆ. ನಾಲಗೆಯು ಮತ್ತೊಂದು ಮಂಡಲವನ್ನು ಕೂಡಿಸುತ್ತದೆ. ಸುರುಳಿಗೂ ನಾಲಗೆಗೂ ನಡುವೆ ಲೋಹದ ಸಂಬಂಧವೇ ಇಲ್ಲ, ಇರುವುದು ಕಾಂತ ಕ್ಷೇತ್ರದ ಸಂಬಂಧ ಮಾತ್ರ. ಇದೇ ನಮಗೆ ಬೇಕಾದ ಗುಣ. ೫ ವೋಲ್ಟಿನ ಲೋಕ ಒಂದು, ೨೩೦ ವೋಲ್ಟಿನ ಲೋಕ ಇನ್ನೊಂದು; ಸುದ್ದಿ ಹೋಗಬೇಕು, ವಿದ್ಯುತ್ತು ಹೋಗಬಾರದು.

ರಿಲೇಯ ಹೊರಗೆ ಮೂರು ಕೊನೆಗಳಿವೆ. ನಡುವಿನದು ಸಾಮಾನ್ಯ ಕೊನೆ. ಒಂದು ಪಕ್ಕದ್ದು ರಿಲೇ ಸುಮ್ಮನಿರುವಾಗ ಬಿಟ್ಟಿರುವುದು, ಇನ್ನೊಂದು ಕೂಡಿರುವುದು. ಪಂಪಿಗೆ ಬಿಟ್ಟಿರುವ ಕೊನೆಯನ್ನೇ ಬಳಸತಕ್ಕದ್ದು. ಮೈಕ್ರೋಕಂಟ್ರೋಲರ್ ಕೆಟ್ಟು ಕುಳಿತರೂ, ಅದರ ವಿದ್ಯುತ್ತು ಹೋದರೂ ಪಂಪು ನಿಂತೇ ಇರಬೇಕಲ್ಲವೆ? ಸಾಮಾನ್ಯ ಕೊನೆಗೆ ಫೇಸ್ ತಂತಿಯು ಬರಬೇಕು. ನ್ಯೂಟ್ರಲನ್ನು ಕಡಿದರೆ ಪಂಪು ನಿಂತಂತೆ ಕಾಣುತ್ತದೆ, ಆದರೆ ಅದರ ಒಳಗೆಲ್ಲ ಫೇಸ್ ತುಂಬಿಕೊಂಡಿರುತ್ತದೆ. ಇನ್ನು ರಿಲೇಯ ಬೆನ್ನಿನ ಮೇಲೆ ೧೦ ಆಂಪೇರ್, ೨೫೦ ವೋಲ್ಟ್ ಎಂದು ಬರೆದಿರುವುದನ್ನು ನಂಬಿ ಮೋಟಾರನ್ನು ನೇರವಾಗಿ ಅದಕ್ಕೆ ಜೋಡಿಸುವವರುಂಟು. ಆ ಅಂಕಿ ಬಲ್ಬು, ಹೀಟರುಗಳಂಥ ಸಾಧು ಹೊರೆಗೆ ಸಲ್ಲುವುದು. ಮೋಟಾರು ಹೊರಡುವಾಗ ಎಳೆಯುವ ಪ್ರವಾಹಕ್ಕೂ ನಿಲ್ಲುವಾಗ ಹಾರುವ ಕಿಡಿಗೂ ಈ ಸಣ್ಣ ನಾಲಗೆ ಬೆಸೆದುಕೊಂಡುಬಿಡಬಹುದು. ಆಗ ಪಂಪು ನಿಲ್ಲುವುದೇ ಇಲ್ಲ. ಆದುದರಿಂದ ಈ ರಿಲೇಯು ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇಯ ಸುರುಳಿಯನ್ನು ಮಾತ್ರ ನಡೆಸಬೇಕು. ಮೋಟಾರನ್ನು ಕಾಂಟ್ಯಾಕ್ಟರು ನಡೆಸಬೇಕು. ಕಾಂಟ್ಯಾಕ್ಟರನ್ನು ಜೋಡಿಸುವ ಕೆಲಸ ಪರವಾನಗಿಯುಳ್ಳ ವಯರ್‌ಮನ್ನನದು, ನಿಮ್ಮದೂ ಅಲ್ಲ, ನಮ್ಮದೂ ಅಲ್ಲ.

ರಿಲೇಗಿಂತ ಸೊಗಸಾದ ಮತ್ತೊಂದು ಸಾಧನವಿದೆ, ಆಪ್ಟೋಕಪ್ಲರ್. ಓಣಿಯ ಆಚೆ ಈಚೆ ಎರಡು ಮನೆಗಳಿವೆಯೆಂದು ಭಾವಿಸಿರಿ. ನಡುವೆ ದಾರಿಯಿಲ್ಲ. ಈ ಮನೆಯ ಕಿಟಕಿಯಲ್ಲಿ ದೀಪವಿಟ್ಟರೆ ಆ ಮನೆಯವರು ನೋಡಿ ಬಾಗಿಲು ತೆಗೆಯುತ್ತಾರೆ. ಪಿಸಿ ೮೧೭ ಎಂಬ ನಾಲ್ಕು ಕಾಲಿನ ಚಿಪ್ಪಿನಲ್ಲಿ ನಡೆಯುವುದು ಇಷ್ಟೇ. ಒಂದು ಪಕ್ಕದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಎಲ್‌ಇಡಿ, ಇನ್ನೊಂದು ಪಕ್ಕದಲ್ಲಿ ಬೆಳಕಿನಿಂದ ತೆರೆಯುವ ಟ್ರಾನ್ಸಿಸ್ಟರ್. ನಡುವಿನ ತಡೆಯು ೫೦೦೦ ವೋಲ್ಟಿನ ಪರೀಕ್ಷೆಯನ್ನು ಒಂದು ನಿಮಿಷ ತಾಳಬಲ್ಲುದು. ಎಲ್‌ಇಡಿಯಲ್ಲಿ ೧.೨ ವೋಲ್ಟ್ ಹೋಗುತ್ತದೆ; ೩೩೦ ಓಮಿನ ರೋಧಕವನ್ನಿಟ್ಟರೆ ಪ್ರವಾಹ ಸುಮಾರು ೧೧.೫ ಮಿಲಿಆಂಪೇರ್. ಪಿನ್ನಿಗೆ ಹಗುರವಾದ ಹೊರೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಟ್ರಾನ್ಸಿಸ್ಟರು ಒಂದನ್ನೇ ಬಳಸುವಾಗ ಎರಡು ಮಂಡಲಗಳ ಋಣ ತಂತಿಗಳನ್ನು ಕೂಡಿಸಲೇಬೇಕು, ಇಲ್ಲವಾದರೆ ಬೇಸಿನ ಪ್ರವಾಹಕ್ಕೆ ಮರಳುವ ದಾರಿಯಿಲ್ಲ. ಆಪ್ಟೋಕಪ್ಲರನ್ನು ಬಳಸುವಾಗ ಕೂಡಿಸಲೇಕೂಡದು. ಕೂಡಿಸಿದರೆ ಓಣಿಯನ್ನು ದಾಟಲು ನಾವೇ ಹಲಗೆ ಹಾಕಿದಂತೆ. ಪೇಟೆಯ ರಿಲೇ ಫಲಕಗಳ ಮೇಲೆ ಜೆಡಿ-ವಿಸಿಸಿ ಎಂಬಲ್ಲಿ ಒಂದು ಸಣ್ಣ ಟೊಪ್ಪಿಗೆ ಇರುತ್ತದೆ. ಅದು ಇರುವಷ್ಟು ಕಾಲ ರಿಲೇಯ ಸುರುಳಿಗೂ ಮೈಕ್ರೋಕಂಟ್ರೋಲರಿಗೂ ಒಂದೇ ವಿದ್ಯುತ್ತು. ಒಳಗಿರುವ ಆಪ್ಟೋಕಪ್ಲರು ಹೆಸರಿಗೆ ಮಾತ್ರ. ಟೊಪ್ಪಿಗೆಯನ್ನು ತೆಗೆದು, ಸುರುಳಿಗೆ ಬೇರೆ ೫ ವೋಲ್ಟನ್ನು ಕೊಟ್ಟರೆ ಎರಡು ಮನೆ ನಿಜವಾಗಿ ಬೇರೆಯಾಗುತ್ತವೆ. ಇಂಥ ಫಲಕಗಳಲ್ಲಿ ಅನೇಕವು ಪಿನ್ನು ಸೊನ್ನೆಗಿಳಿದಾಗ ರಿಲೇಯನ್ನು ಎಳೆಯುತ್ತವೆ ಎಂಬುದನ್ನೂ ಮರೆಯಬೇಡಿ. ಕ್ರಮವಿಧಿಯಲ್ಲಿ ಮೊದಲು ಪಿನ್ನಿಗೆ ಮೇಲಿನ ಮಟ್ಟವನ್ನು ಬರೆದು ಅನಂತರ ಅದನ್ನು ಹೊರಪಿನ್ನೆಂದು ಸಾರಬೇಕು. ಹಿಂದುಮುಂದಾದರೆ ಪ್ರತಿ ಸಲ ಚಾಲೂ ಮಾಡಿದಾಗಲೂ ಪಂಪು ಒಮ್ಮೆ ಬೆಚ್ಚಿಬೀಳುತ್ತದೆ.

೧೨ ವೋಲ್ಟಿನ ಬ್ಯಾಟರಿಯ ಸುದ್ದಿಯನ್ನು ಮೈಕ್ರೋಕಂಟ್ರೋಲರು ಓದಬೇಕಾದರೆ ೧೦,೦೦೦ ಮತ್ತು ೪೭೦೦ ಓಮಿನ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿ, ೪೭೦೦ರ ಮೇಲಿನ ವೋಲ್ಟನ್ನು ತೆಗೆದುಕೊಂಡರೆ ಸಾಕು. ೧೨ಕ್ಕೆ ೩.೮ ಬರುತ್ತದೆ; ಬ್ಯಾಟರಿ ತುಂಬುವಾಗಿನ ೧೪.೪ಕ್ಕೂ ೪.೬ನ್ನು ಮೀರುವುದಿಲ್ಲ. ಇದೇ ಉಪಾಯವನ್ನು ಗೋಡೆಯ ಸಾಕೆಟ್ಟಿಗೆ ಹೂಡಲು ಹೋಗಬೇಡಿ. ರೋಧಕವು ವೋಲ್ಟನ್ನು ಹಂಚುತ್ತದೆ, ಬೇರ್ಪಡಿಸುವುದಿಲ್ಲ.

ಮಂಡಲವು ಸರಿಯಾಗಿದ್ದು ತಂತಿಗಳು ಒತ್ತೊತ್ತಾಗಿದ್ದರೆ ಎಲ್ಲವೂ ವ್ಯರ್ಥ. ಬ್ರೆಡ್‌ಬೋರ್ಡಿನಲ್ಲಿ ೨೩೦ ವೋಲ್ಟ್ ಎಂದೂ ಬರಕೂಡದು. ಅದರ ರಂಧ್ರಗಳ ನಡುವಿನ ಅಂತರ ೨.೫೪ ಮಿಲಿಮೀಟರ್ ಮಾತ್ರ. ನಾವು ಎರಡು ಲೋಕಗಳ ನಡುವೆ ೮ ಮಿಲಿಮೀಟರಿಗೆ ಕಡಮೆಯಿಲ್ಲದಷ್ಟು ಬರಿಯ ಜಾಗವನ್ನು ಬಿಡುತ್ತೇವೆ. ಗಾಳಿಯೇ ಅವಾಹಕವಲ್ಲವೆ, ಇಷ್ಟೇಕೆ ಎಂದು ಕೇಳಬಹುದು. ಜುಲೈ ತಿಂಗಳ ಮುಂಬಯಿಯಲ್ಲಿ ಗೋಡೆಗಳೇ ಬೆವರುತ್ತವೆ. ಫಲಕದ ಮೇಲೆ ಕುಳಿತ ಧೂಳು ತೇವವನ್ನು ಹೀರಿ ವಾಹಕವಾಗುತ್ತದೆ. ವಿದ್ಯುತ್ತು ಗಾಳಿಯಲ್ಲಿ ಹಾರುವುದಕ್ಕಿಂತ ಇಂಥ ಕೊಳೆಯ ಮೇಲೆ ತೆವಳುವುದೇ ಹೆಚ್ಚು. ಒಳ್ಳೆಯ ಫಲಕಗಳಲ್ಲಿ ರಿಲೇಯ ಅಡಿಯಲ್ಲಿ ಸೀಳು ಕೊರೆದಿರುವುದು ಈ ತೆವಳುವಿಕೆಯನ್ನು ತಡೆಯಲೆಂದೇ. ಮೇಲೆ ಮುಚ್ಚಳವುಳ್ಳ ಪ್ಲಾಸ್ಟಿಕ್ ಪೆಟ್ಟಿಗೆ, ಫೇಸಿನ ದಾರಿಯಲ್ಲಿ ಫ್ಯೂಸ್, ಲೋಹದ ಭಾಗಗಳಿಗೆಲ್ಲ ಹಸಿರು ಭೂ ತಂತಿ, ಇವು ಅಲಂಕಾರಗಳಲ್ಲ.

ನಮ್ಮ ತಪ್ಪಿಗೆ ಮರಳುವುದಾದರೆ, ಆ ಸಪ್ಲೈಯನ್ನು ಹೇಗೆ ಪರೀಕ್ಷಿಸಬೇಕಾಗಿತ್ತು? ಮೀಟರಿನ ಒಂದು ಕಡ್ಡಿಯನ್ನು ಋಣ ತಂತಿಗೂ ಇನ್ನೊಂದನ್ನು ಭೂಮಿಗೂ ಮುಟ್ಟಿಸಿ, ಪರ್ಯಾಯ ವೋಲ್ಟನ್ನು ಅಳೆಯಬೇಕಾಗಿತ್ತು. ಪ್ಲಗ್ಗನ್ನು ತಿರುಗಿಸಿ ಮತ್ತೊಮ್ಮೆ. ಮರುದಿನ ಹಾಗೆ ಮಾಡಿದಾಗ ಮೀಟರು ೨೩೦ರ ಹತ್ತಿರ ತೋರಿಸಿತು. ಆದರೆ ಒಂದು ಸೋಜಿಗವೆಂದರೆ ಒಳ್ಳೆಯ ಮೊಬೈಲ್ ಚಾರ್ಜರಿಗೂ ಹೀಗೆಯೇ ಮಾಡಿದಾಗ ಕೆಲವು ಸಲ ೧೦೦ ವೋಲ್ಟಿನಷ್ಟು ಕಾಣುವುದುಂಟು. ಅದರೊಳಗೆ ಟ್ರಾನ್ಸ್‌ಫಾರ್ಮರನ್ನು ದಾಟಿ ಕಟ್ಟಿದ ಅತಿ ಸಣ್ಣ ಕೆಪ್ಯಾಸಿಟರೊಂದರ ಸೋರಿಕೆ ಅದು, ಅಪಾಯಕರವಲ್ಲ. ಇವೆರಡನ್ನು ಬೇರೆಬೇರೆಯಾಗಿ ಗುರುತಿಸಲು ಮೀಟರಿಗೆ ಅಡ್ಡಲಾಗಿ ೨,೨೦,೦೦೦ ಓಮಿನ ಅರ್ಧ ವಾಟ್ ರೋಧಕವನ್ನಿಟ್ಟು ಅಳೆಯುತ್ತೇವೆ. ಸೋರಿಕೆಯಾದರೆ ಕೆಲವೇ ವೋಲ್ಟಿಗೆ ಕುಸಿಯುತ್ತದೆ, ನಿಜವಾದ ಸಂಬಂಧವಾದರೆ ೨೩೦ ಅಲುಗುವುದಿಲ್ಲ. ಈ ಪರೀಕ್ಷೆ ಅಧ್ಯಾಪಕರು ಮಾಡತಕ್ಕದ್ದು, ವಿದ್ಯಾರ್ಥಿಗಳು ಎರಡು ಹೆಜ್ಜೆ ದೂರ ನಿಂತು ನೋಡತಕ್ಕದ್ದು.

ಆ ಹಳದಿ ಕೆಪ್ಯಾಸಿಟರಿನ ಫಲಕವು ಈಗ ಗಾಜಿನ ಸೀಸೆಯಲ್ಲಿದೆ. ತೊಟ್ಟಿಯ ಕಾವಲುಗಾರನು ಒಳ್ಳೆಯ ಮೊಬೈಲ್ ಚಾರ್ಜರಿನಿಂದ ನಡೆಯುತ್ತಾನೆ. ನೀರೇರಿಸಲು ೧೨ ವೋಲ್ಟಿನ ಸಣ್ಣ ಪಂಪನ್ನು ಇಟ್ಟಿದ್ದೇವೆ; ಅದನ್ನು ಐಆರ್‌ಎಲ್‌ಜೆಡ್ ೪೪ ಎಂಬ ಮಾಸ್‌ಫೆಟ್ ನಡೆಸುತ್ತದೆ. ಹೆಚ್ಚು ಪ್ರಸಿದ್ಧವಾದ ಐಆರ್‌ಎಫ್ ೫೪೦ಕ್ಕೆ ಪೂರ್ಣವಾಗಿ ತೆರೆಯಲು ೧೦ ವೋಲ್ಟ್ ಬೇಕು; ಇದಕ್ಕೆ ೫ ಸಾಕು. ಹುಡುಗರ ಬಿಡಾರದ ನಿಜವಾದ ಪಂಪಿಗೆ ವಯರ್‌ಮನ್ನನು ಕಾಂಟ್ಯಾಕ್ಟರನ್ನೂ ಆರ್‌ಸಿಸಿಬಿಯನ್ನೂ ಹಾಕಿಕೊಟ್ಟ ಮೇಲೆ, ದೀಪಾವಳಿಯ ರಜೆಯಲ್ಲಿ ಅವರ ಪೆಟ್ಟಿಗೆಯಿಂದ ಎರಡು ತಂತಿಗಳು ಅದರ ಸುರುಳಿಗೆ ಹೋದವು. ಮಾದರಿಯನ್ನು ನೋಡಬಯಸುವವರು ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಗೆ ಬರಬಹುದು. ಕೈ ಒರಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬರಬೇಕು.